ನಾಲ್ಕು ಚಕ್ರದ ಎಳೆತವುಳ್ಳ ಹಳೆಯ ಜೀಪು ಲಾರಿಗಳ ಶಬ್ದಪರೀಕ್ಷೆ

ಬಯಲುಸೀಮೆಯು ಮುಗಿಯುತ್ತ ಮಲೆನಾಡಿನ ಏರು ಮೊದಲಾಗುವ ಎಡೆಯಲ್ಲಿ ಕಡೂರು ತಾಲ್ಲೂಕು ಇರುವುದು. ಇಲ್ಲಿಯ ದೇವನೂರು ಮೊದಲಾದ ಗ್ರಾಮಗಳಲ್ಲಿ ತೆಂಗಿನಕಾಯಿ, ರಾಗಿ, ಮೇವು, ಗೊಬ್ಬರ ಮುಂತಾದುವನ್ನು ಹೊಲದಿಂದ ಮನೆಗೂ ಮನೆಯಿಂದ ಪೇಟೆಗೂ ಸಾಗಿಸುವುದಕ್ಕೆ ಹಳೆಯ ಜೀಪು ಲಾರಿಯೊಂದು ಒದಗಿದರೆ ರೈತನಿಗೆ ಬಹಳ ಅನುಕೂಲವುಂಟು. ಮಳೆ ಹಿಡಿದ ದಿನಗಳಲ್ಲಿ ಎರಡು ಚಕ್ರದ ಎಳೆತವುಳ್ಳ ಗಾಡಿಯು ಹೊಲದ ದಾರಿಯಲ್ಲಿ ಹೂತು ನಿಂತ ಕಡೆ ನಾಲ್ಕು ಚಕ್ರದ ಎಳೆತವುಳ್ಳದ್ದು ಪಾರಾಗಿ ಬರುವುದು. ಆದರೆ ಇಂಥ ಗಾಡಿಯು ಹಳೆಯದಾದಂತೆಲ್ಲ ನಾನಾ ಬಗೆಯ ಶಬ್ದಗಳನ್ನು ಮಾಡತೊಡಗುವುದು. ಶಬ್ದ ಕೇಳಿದೊಡನೆ ಗೇರುಪೆಟ್ಟಿಗೆಯನ್ನು ಬಿಚ್ಚಿಸುವ ರೂಢಿಯು ಹಲವರಲ್ಲಿರುವುದು. ಬಿಚ್ಚಿದ ಮೇಲೆ ಬೇರಿಂಗು, ಸೀಲು, ಕೂಲಿ ಎಂದು ವೆಚ್ಚವು ಬೆಳೆಯುತ್ತ ಹೋಗಿ, ಕಡೆಗೆ ಗಾಡಿಯನ್ನು ಮನೆಗೆ ತಂದಾಗ ಮೊದಲಿನ ಶಬ್ದವೇ ಉಳಿದಿರುವುದೂ ಉಂಟು. ಶಬ್ದದ ಮೂಲವು ಯಾವ ಭಾಗದಲ್ಲಿದೆಯೆಂಬುದನ್ನು, ಏನನ್ನೂ ಬಿಚ್ಚುವುದಕ್ಕೆ ಮುಂಚೆಯೇ, ಮನೆಯ ಅಂಗಳದಲ್ಲಿಯೂ ಊರ ಮುಂದಣ ಹಾದಿಯಲ್ಲಿಯೂ ಬಹುಮಟ್ಟಿಗೆ ಗೊತ್ತುಮಾಡಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈ ಜಾತಿಯ ಗಾಡಿಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾ ದೇಶದ ಸೈನ್ಯಕ್ಕಾಗಿ ನಿರ್ಮಿತವಾದುವು. ಆ ಯುದ್ಧದ ಅನಂತರ ಮುಂಬಯಿಯ ಮಹೀಂದ್ರ ಸಂಸ್ಥೆಯವರು ವಿಲ್ಲೀಸ್ ಮಾದರಿಯ ಜೀಪುಗಳನ್ನು ಭಾರತದಲ್ಲಿಯೇ ಜೋಡಿಸತೊಡಗಿದರು. ಆ ಮಾದರಿಯನ್ನು ಅನುಸರಿಸಿದ ಹಳೆಯ ಗಾಡಿಗಳಲ್ಲಿ ಶಕ್ತಿಯು ಸಾಗುವ ದಾರಿ ಹೀಗಿರುವುದು: ಎಂಜಿನ್ನಿನಿಂದ ಕ್ಲಚ್ಚಿನ ಮೂಲಕ ಗೇರುಪೆಟ್ಟಿಗೆಗೆ ಬಂದ ಶಕ್ತಿಯು ಅದರ ಬೆನ್ನಿಗೇ ಇರುವ ಟ್ರಾನ್ಸ್‌ಫರ್ ಪೆಟ್ಟಿಗೆಯನ್ನು ಸೇರುವುದು. ಅಲ್ಲಿಂದ ಒಂದು ಪ್ರೊಪೆಲ್ಲರ್ ಷಾಫ್ಟು ಹಿಂದಿನ ಅಚ್ಚಿಗೂ ಇನ್ನೊಂದು ಮುಂದಿನ ಅಚ್ಚಿಗೂ ಹೋಗುವುವು. ಪ್ರತಿ ಷಾಫ್ಟಿನ ಎರಡು ತುದಿಗಳಲ್ಲಿಯೂ ಮೆಕ್ಯಾನಿಕ್ಕುಗಳು 'ಕ್ರಾಸು' ಎಂದು ಕರೆಯುವ ಕೂಡುಕೀಲುಗಳಿರುವುವು. ಅಚ್ಚಿನ ನಡುವಣ ಗುಂಡುಪೆಟ್ಟಿಗೆಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುವುದು. ಲಿವರನ್ನು ನಾಲ್ಕು ಚಕ್ರದ ಎಳೆತಕ್ಕೆ ಹಾಕಿದಾಗ ಮುಂದಿನ ಷಾಫ್ಟೂ ಹಿಂದಿನ ಷಾಫ್ಟೂ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡು ಸಮವಾಗಿ ತಿರುಗುವುವು. ಅವೆರಡರ ನಡುವೆ ಹೆಚ್ಚುಕಡಿಮೆಗೆ ಅವಕಾಶವೇ ಇಲ್ಲ. ಮುಂದೆ ಹೇಳುವ ಹಲವು ಸಂಗತಿಗಳಿಗೆ ಇದೇ ಬೀಜವಾದ ಪ್ರಯುಕ್ತ ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು.

ಮೊಟ್ಟಮೊದಲು, ಕೇಳುವ ಶಬ್ದವು ಕೇಡಿನಿಂದ ಬಂದದ್ದೋ ಬಳಕೆಯ ತಪ್ಪಿನಿಂದ ಬಂದದ್ದೋ ಎಂಬುದನ್ನು ವಿಚಾರಿಸತಕ್ಕದ್ದು. ಗಾಡಿಯು ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ನಡೆಯುವುವು. ಎರಡು ಅಚ್ಚುಗಳ ನಡುವೆ 80 ಅಂಗುಲ, ಅಂದರೆ ಸುಮಾರು 2 ಮೀಟರು ಅಂತರವುಳ್ಳ ಜೀಪೊಂದನ್ನು ಹಿಂದಿನ ಅಚ್ಚಿನ ನಡುಭಾಗವು 5 ಮೀಟರು ತ್ರಿಜ್ಯದ ವೃತ್ತದಲ್ಲಿ ನಡೆಯುವಂತೆ ಒಂದು ಸುತ್ತು ತಿರುಗಿಸಿದರೆ, ಹಿಂದಿನ ಅಚ್ಚು ಸುಮಾರು 31.4 ಮೀಟರನ್ನೂ ಮುಂದಿನ ಅಚ್ಚು ಸುಮಾರು 33.9 ಮೀಟರನ್ನೂ ಕ್ರಮಿಸಬೇಕಾಗುವುದು. ಒಂದೇ ಸುತ್ತಿನಲ್ಲಿ ಎರಡೂವರೆ ಮೀಟರಿನಷ್ಟು ವ್ಯತ್ಯಾಸ! ಕೆಸರಿನಲ್ಲಿಯೂ ಸಡಿಲ ಮಣ್ಣಿನಲ್ಲಿಯೂ ಚಕ್ರಗಳು ಜಾರಿ ಈ ವ್ಯತ್ಯಾಸವನ್ನು ತೀರಿಸಿಕೊಳ್ಳುವುವು. ಗಟ್ಟಿಯಾದ ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಷಾಫ್ಟುಗಳೂ ಹಲ್ಲುಗಳೂ ಹಗ್ಗ ಹೊಸೆದಂತೆ ಬಿಗಿದುಕೊಳ್ಳುವುವು. ಆಗ ಸ್ಟಿಯರಿಂಗು ಭಾರವಾಗಿ, ಗಾಡಿಯು ಬ್ರೇಕು ಹಿಡಿದಂತೆ ತಡೆತಡೆದು, ಕಡೆಗೆ ಒಂದು ಟೈರು ಜಿಗಿದು ಬಿಗುಪು ಬಿಡುವಾಗ 'ಧಡ್' ಎಂಬ ಶಬ್ದವಾಗುವುದು. ಲಿವರೂ ಹಿಂದಕ್ಕೆ ಬಾರದು. ಇದು ಗಾಡಿಯ ರೋಗವಲ್ಲ. ಟಾರು ರಸ್ತೆಗೆ ಬಂದೊಡನೆ ನಾಲ್ಕು ಚಕ್ರದ ಎಳೆತವನ್ನು ಬಿಡಿಸುವುದೇ ಇದಕ್ಕೆ ಮದ್ದು. ಲಿವರು ಬಿಗಿದುಕೊಂಡಿದ್ದರೆ ಬಲಾತ್ಕಾರದಿಂದ ಎಳೆಯದೆ, ಗಾಡಿಯನ್ನು ನೇರವಾಗಿ ಕೆಲವು ಗಜ ಹಿಂದಕ್ಕೆ ನಡೆಸಿದರೆ ಬಿಗುಪು ಇಳಿದು ಲಿವರು ತಾನಾಗಿ ಹಗುರವಾಗುವುದು. ಆದರೂ ಈ ಪರಿಯ ಬಳಕೆಯನ್ನು ದಿನದಿನವೂ ಮಾಡುತ್ತ ಬಂದರೆ ಇಂದು ರೋಗವಲ್ಲದ್ದು ನಾಳೆ ರೋಗವಾಗುವುದರಲ್ಲಿ ಸಂದೇಹವಿಲ್ಲ.

ಇದೇ ಬಿಗುಪು ನೇರವಾದ ರಸ್ತೆಯಲ್ಲಿಯೂ ಹುಟ್ಟುವುದಾದರೆ ಟೈರುಗಳನ್ನು ನೋಡತಕ್ಕದ್ದು. ಹಣದ ಮುಗ್ಗಟ್ಟಿನಲ್ಲಿ ಎರಡು ಹೊಸ ಟೈರುಗಳನ್ನು ಕೊಂಡು ಮುಂದೆ ಹಾಕಿಸಿ, ಹಿಂದೆ ಸವೆದುವನ್ನೇ ಉಳಿಸಿಕೊಳ್ಳುವುದು ಸಾಮಾನ್ಯ. ಎರಡು ಚಕ್ರದ ಎಳೆತದಲ್ಲಿ ಇದರಿಂದ ಈ ಬಗೆಯ ಬಿಗುಪು ಹುಟ್ಟದು. ನಾಲ್ಕು ಚಕ್ರದ ಎಳೆತದಲ್ಲಿ ಹುಟ್ಟುವುದು. ಪರೀಕ್ಷೆಯು ಸುಲಭ. ನಾಲ್ಕು ಟೈರುಗಳಲ್ಲಿಯೂ ಗಾಳಿಯನ್ನು ಸರಿಪಡಿಸಿ, ಪ್ರತಿಯೊಂದರ ಕೆಳಭಾಗಕ್ಕೂ ಅದರ ನೇರಕ್ಕೆ ನೆಲಕ್ಕೂ ಸುಣ್ಣದ ಗುರುತು ಹಾಕಿ, ಎರಡು ಚಕ್ರದ ಎಳೆತದಲ್ಲಿ ಮಟ್ಟವಾದ ನೆಲದ ಮೇಲೆ ಗಾಡಿಯನ್ನು ನೇರವಾಗಿ ತಳ್ಳಿಸಿ, ಪ್ರತಿಯೊಂದು ಚಕ್ರವು 10 ಸುತ್ತು ಮುಗಿಸಿದ ಎಡೆಯನ್ನು ನೆಲದ ಮೇಲೆ ಗುರುತಿಸಿ ಅಳೆಯಬೇಕು. ಒಂದು ಸುತ್ತಿಗೆ ಸುಮಾರು 2.2 ಮೀಟರು ಉರುಳುವ ಚಕ್ರಗಳಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ 10 ಸುತ್ತಿನಲ್ಲಿ 20 ಸೆಂಟಿಮೀಟರು ಹೆಚ್ಚುಕಡಿಮೆ ಕಂಡರೆ, 1 ಕಿಲೋಮೀಟರು ನಡೆಯುವಷ್ಟರಲ್ಲಿ ಸುಮಾರು 9 ಮೀಟರಿನ ಎಳೆದಾಟವು ಹಲ್ಲುಗಳ ಮೇಲೆ ಬೀಳುವುದೆಂದು ತಿಳಿಯತಕ್ಕದ್ದು. ಟೈರನ್ನು ಬದಲಿಸಬೇಕಾದ ಕಡೆ ಟ್ರಾನ್ಸ್‌ಫರ್ ಪೆಟ್ಟಿಗೆಯನ್ನು ಬಿಚ್ಚಿದವರಿಗೆ ಏನು ಸಿಕ್ಕೀತು?

ಇನ್ನು ಗಾಡಿಯ ಕೆಳಗೆ ಹೋಗುವುದಕ್ಕೆ ಮುಂಚೆ ಅಪಾಯದ ವಿಷಯವನ್ನು ಹೇಳಬೇಕು. ಹಳೆಯ ವಿಲ್ಲೀಸ್ ಮಾದರಿಯ ಗಾಡಿಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಬದಿಯಲ್ಲಿರುವ ಡ್ರಮ್ಮಿನ ಮೂಲಕ ಅದು ಹಿಂದಿನ ಷಾಫ್ಟನ್ನು ಹಿಡಿಯುವುದು. ಆದ್ದರಿಂದ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ, ಕೈಬ್ರೇಕು ಎಷ್ಟು ಬಿಗಿಯಾಗಿದ್ದರೂ ಎತ್ತಿದ ಚಕ್ರವು ಹಿಂದುಮುಂದಾಗಿ ತಿರುಗಿ ನೆಲದ ಮೇಲಿನ ಚಕ್ರವು ಉರುಳುವುದಕ್ಕೆ ದಾರಿಮಾಡಿಕೊಡುವುದು. ಗಾಡಿಯು ಜಾಕಿಯಿಂದ ಜಾರಿ ಕೆಳಗಿದ್ದವನ ಮೇಲೆ ಬೀಳುವುದು. ಹಿಂದಿನ ಷಾಫ್ಟನ್ನು ಬಿಚ್ಚಿದಾಗಲೂ, ನಾಲ್ಕು ಚಕ್ರದ ಎಳೆತವನ್ನು ಹಾಕದಿದ್ದಲ್ಲಿ, ಕೈಬ್ರೇಕು ಇದ್ದೂ ಇಲ್ಲದಂತೆಯೇ. ಟ್ರಾನ್ಸ್‌ಫರ್ ಲಿವರು ನ್ಯೂಟ್ರಲಿನಲ್ಲಿದ್ದರೆ ಗೇರು ಹಾಕಿ ನಿಲ್ಲಿಸಿದ್ದರಿಂದಲೂ ಪ್ರಯೋಜನವಿಲ್ಲ. ಆದ ಕಾರಣ ಮಟ್ಟವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಅಡೆಗಳನ್ನು ಕೊಟ್ಟು, ಎತ್ತಿದ ಅಚ್ಚಿನ ಕೆಳಗೆ ಬಲವಾದ ದಿಮ್ಮಿಯನ್ನಿಟ್ಟ ಹೊರತು ಯಾರೂ ಒಳಗೆ ತಲೆಯನ್ನಿಡಕೂಡದು. ಒಂದು ಅಚ್ಚನ್ನು ಮಾತ್ರ ಎತ್ತಿ ನಾಲ್ಕು ಚಕ್ರದ ಎಳೆತದಲ್ಲಿ ಎಂಜಿನ್ನನ್ನು ಓಡಿಸುವುದು ಸರ್ವಥಾ ಕೂಡದು. ನೆಲದ ಮೇಲಿನ ಚಕ್ರಗಳು ಗಾಡಿಯನ್ನು ಜಾಕಿಯಿಂದ ಹಾರಿಸಿಬಿಡುವುವು. ತಿರುಗುವ ಷಾಫ್ಟಿನ ಸಮೀಪದಲ್ಲಿ ಪಂಚೆಯ ಸೆರಗು, ಹೆಗಲ ವಸ್ತ್ರ ಇವು ಇರಲೇಬಾರದು.

ಶಬ್ದದ ಹುಡುಕಾಟವನ್ನು ಹಾದಿಯ ಮೇಲಿಂದ ಮೊದಲುಮಾಡಬೇಕು. ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಾಗದ ಕುದುರೆಯನ್ನು ತಡೆಯದೆ ಅದು ಹೋದ ದೇಶಕ್ಕೆಲ್ಲ ಹಿಂಬಾಲಿಸಿದಂತೆ, ಶಬ್ದವನ್ನೂ ಮೊದಲು ಅದರ ಪಾಡಿಗೆ ಬಿಟ್ಟು ಹಿಂಬಾಲಿಸಬೇಕು. ಒಬ್ಬನು ಗಾಡಿಯನ್ನು ನಡೆಸುತ್ತಿರಲಾಗಿ ಇನ್ನೊಬ್ಬನು ಪಕ್ಕದಲ್ಲಿ ಕುಳಿತು ಗಮನವಿಟ್ಟು ಕೇಳತಕ್ಕದ್ದು. ಎಂಜಿನ್ನಿನ ವೇಗದೊಡನೆ ಏರಿಳಿಯುವ ಶಬ್ದವು ಎಂಜಿನ್ನು, ಕ್ಲಚ್ಚು, ಗೇರುಪೆಟ್ಟಿಗೆ ಇವುಗಳಿಗೆ ಸೇರಿದ್ದು. ಗಾಡಿಯ ವೇಗವನ್ನು ಅನುಸರಿಸುವ ಶಬ್ದವು ಟ್ರಾನ್ಸ್‌ಫರ್ ಪೆಟ್ಟಿಗೆಯಿಂದ ಆಚೆಗೆ ಸೇರಿದ್ದು. ಇವೆರಡನ್ನು ಬೇರ್ಪಡಿಸುವುದಕ್ಕೆ, ಖಾಲಿಯಾದ ಸಮ ರಸ್ತೆಯಲ್ಲಿ ಹದವಾದ ವೇಗದಲ್ಲಿ ಹೋಗುತ್ತಿರುವಾಗ ಗೇರನ್ನು ನ್ಯೂಟ್ರಲಿಗೆ ತಂದು ಗಾಡಿಯನ್ನು ತಾನಾಗಿ ಉರುಳಗೊಡಬೇಕು. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಕೂಡದು. ಶಬ್ದವು ಕೂಡಲೆ ನಿಂತರೆ ಮುಂಭಾಗದ್ದು, ಅಥವಾ ಎಳೆತದ ಭಾರವಿದ್ದಾಗ ಮಾತ್ರ ಹುಟ್ಟತಕ್ಕದ್ದು. ಉರುಳುವಾಗಲೂ ಉಳಿದರೆ ಅಚ್ಚು, ಷಾಫ್ಟು ಅಥವಾ ಚಕ್ರಗಳದ್ದು.

ಗಾಡಿಯ ವೇಗವನ್ನು ಅನುಸರಿಸುವ ಶಬ್ದದಲ್ಲಿಯೂ ಎರಡು ತೆರವುಂಟು. ಹಳೆಯ ಜೀಪುಗಳಲ್ಲಿ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ಷಾಫ್ಟು ಸುಮಾರು ಐದು ಸುತ್ತು ತಿರುಗುವುದು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಚಕ್ರವು ಒಂದು ಸೆಕೆಂಡಿಗೆ ನಾಲ್ಕು ಸುತ್ತಿಗೆ ಸ್ವಲ್ಪ ಕಡಮೆಯಾಗಿಯೂ ಷಾಫ್ಟು ಇಪ್ಪತ್ತರ ಸಮೀಪವೂ ತಿರುಗುವುವು. ಆದ್ದರಿಂದ ಕಿವಿಯಿಂದ ಎಣಿಸಬಹುದಾದ 'ಟಕ್, ಟಕ್' ಎಂಬ ಬಡಿತವು ಚಕ್ರದ ಕಡೆಯದೆಂದೂ, ಎಣಿಸಲಾಗದೆ ಒಂದಾಗಿ ಬೆಸೆದು ನೆಲದ ತಗಡನ್ನು ನಡುಗಿಸುವ ಗುಂಯ್‌ಗುಟ್ಟುವಿಕೆಯು ಷಾಫ್ಟಿನ ಕಡೆಯದೆಂದೂ ಮೊದಲ ಊಹೆ ಮಾಡಬಹುದು. ಬೀಸುವ ಕಲ್ಲಿನ ಶಬ್ದದಿಂದಲೇ ಹಿಟ್ಟು ದಪ್ಪವೋ ನುಣ್ಣಗೋ ಎಂದು ಹೇಳುವ ನಮ್ಮ ಹೆಣ್ಣುಮಕ್ಕಳಿಗೆ ಈ ಪರೀಕ್ಷೆಯು ಕಷ್ಟವೆನಿಸದು.

ಮುಂದಿನ ಹೆಜ್ಜೆ ನಿಂತಲ್ಲಿಯೇ ಮಾಡತಕ್ಕದ್ದು. ಚಕ್ರಗಳಿಗೆ ಅಡೆಕೊಟ್ಟು, ಕೈಬ್ರೇಕು ಹಾಕಿ, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲಿನಲ್ಲಿಟ್ಟು ಎಂಜಿನ್ನನ್ನು ಮೆಲ್ಲಗೆ ಓಡಿಸಬೇಕು. ಕ್ಲಚ್ಚು ತುಳಿದಾಗ ಮಾತ್ರ ಬರುವ ಕಿರುಚಾಟವು ಕ್ಲಚ್ಚಿನ ಒತ್ತುಬೇರಿಂಗಿನದು. ಕ್ಲಚ್ಚು ಬಿಟ್ಟಾಗ ಬಂದು ತುಳಿದಾಗ ನಿಲ್ಲುವುದು ಗೇರುಪೆಟ್ಟಿಗೆಯ ಮುಂದಿನ ಬೇರಿಂಗಿನದಾಗಿರುವುದು ಹೆಚ್ಚು. ಅನಂತರ ಒಂದೊಂದೇ ಗೇರನ್ನು ಹಾಕಿ ನೋಡಬೇಕು. ಗಾಡಿಯು ಚಲಿಸದೆಯೇ ಗೇರುಪೆಟ್ಟಿಗೆಯೂ ಟ್ರಾನ್ಸ್‌ಫರ್ ಪೆಟ್ಟಿಗೆಯ ನಡುಗೇರೂ ತಿರುಗುವುವು. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಎರಡು ಚಕ್ರದ ಎಳೆತದಲ್ಲಿಯೂ ಶಕ್ತಿಯು ಈ ನಡುಗೇರಿನ ಮೂಲಕವೇ ಹಾಯ್ದು ಹೋಗಬೇಕಾದ್ದರಿಂದ ಆ ಪೆಟ್ಟಿಗೆಯಲ್ಲಿ ಯಾವಾಗಲೂ ಸ್ವಲ್ಪ ಕೊರಗು ಇರುವುದು ಸಹಜ. ಹೊಸತರಲ್ಲಿಯೂ ಅದು ಇತ್ತು. ಹಾಗೆ ಕೊರಗುವ ಪೆಟ್ಟಿಗೆಯನ್ನು ಮೌನವಾಗಿಸುವೆನೆಂದು ಹೊರಟವನು ಹಣವನ್ನು ನೀರಿನಲ್ಲಿ ಹಾಕಿದಂತೆಯೇ. ಕೊರಗು ಹೋಗಿ ಗರಗರವೆಂಬ ಒರಟು ಶಬ್ದವಾದರೆ ಮಾತ್ರ ನಡುಗೇರಿನ ದಂಡವೂ ಅದರ ಸೂಜಿಬೇರಿಂಗುಗಳೂ ಸವೆದಿರಬಹುದೆಂದು ಶಂಕಿಸಬೇಕು. ಉದ್ದವಾದ ಮರದ ಕೋಲಿನ ಒಂದು ತುದಿಯನ್ನು ಪೆಟ್ಟಿಗೆಯ ಮೈಗೂ ಇನ್ನೊಂದನ್ನು ಕಿವಿಯ ಹಿಂದಣ ಎಲುಬಿಗೂ ಆನಿಸಿ ಅಲ್ಲಲ್ಲಿ ಮುಟ್ಟಿ ನೋಡಿದರೆ ಶಬ್ದದ ಎಡೆಯು ಗೇಣು ಅಳತೆಯೊಳಗೆ ಸಿಕ್ಕುವುದು.

ಪ್ರೊಪೆಲ್ಲರ್ ಷಾಫ್ಟುಗಳ ಪರೀಕ್ಷೆಗೆ ಎಂಜಿನ್ನನ್ನು ನಿಲ್ಲಿಸಿ, ಕೈಬ್ರೇಕು ಬಿಟ್ಟು, ಚಕ್ರಗಳಿಗೆ ಅಡೆಯಿಟ್ಟು ಕೈಯಿಂದಲೇ ನೋಡತಕ್ಕದ್ದು. ಷಾಫ್ಟನ್ನು ಒಂದು ಕೈಯಿಂದಲೂ ಅಚ್ಚಿನ ಕಡೆಯ ಕವಲನ್ನು ಇನ್ನೊಂದರಿಂದಲೂ ಹಿಡಿದು ಎದುರುಬದುರಾಗಿ ತಿರುವಬೇಕು. ಕ್ರಾಸಿನಲ್ಲಿ ಸ್ವಲ್ಪವೇ ಅಲುಗಾಟ ಕಂಡರೂ ಅದು ಸವೆದಿರುವುದು. ಗಾಡಿಯನ್ನು ಹೊರಡಿಸುವಾಗಲೂ ಹಿಮ್ಮುಖ ಗೇರಿನಿಂದ ಮುಮ್ಮುಖಕ್ಕೆ ಬದಲಿಸುವಾಗಲೂ ಬರುವ ಒಂದೇ ಒಂದು 'ಟಣ್' ಎಂಬ ಏಟು ಸಾಮಾನ್ಯವಾಗಿ ಇದರದೇ. ಮೆಲ್ಲಗೆ ಹೋಗುವಾಗ ಗುಬ್ಬಿ ಮರಿಯಂತೆ ಚಿಂವ್‌ಚಿಂವ್ ಎನ್ನುವುದು ಗ್ರೀಸು ಒಣಗಿದ ಕ್ರಾಸು. ಕೆಸರಿನಲ್ಲಿ ದುಡಿಯುವ ಗಾಡಿಗೆ ಮಳೆಗಾಲದಲ್ಲಿ ಪದೇ ಪದೇ ಗ್ರೀಸು ಹೊಡೆಯಿಸಿದರೆ ಈ ಪಕ್ಷಿಯು ಹಾಡದು. ಇನ್ನೊಂದು ದೋಷವು ರಿಪೇರಿಯಿಂದಲೇ ಹುಟ್ಟತಕ್ಕದ್ದು. ಉದ್ದ ಹೆಚ್ಚುಕಡಿಮೆಯಾಗುವ ಜಾರುಕೀಲನ್ನು ಬಿಚ್ಚಿ ಮತ್ತೆ ಸೇರಿಸುವಾಗ ಷಾಫ್ಟಿನ ಎರಡು ತುದಿಗಳ ಕವಲುಗಳು ಒಂದೇ ನೇರಕ್ಕೆ ನಿಲ್ಲಬೇಕು. ಒಂದು ಹಲ್ಲು ತಪ್ಪಿ ಸೇರಿಸಿದರೂ ಷಾಫ್ಟಿನ ನಡೆಯು ಒಂದೇ ಸುತ್ತಿನಲ್ಲಿ ವೇಗವಾಗಿಯೂ ನಿಧಾನವಾಗಿಯೂ ಆಗಿ ಗಾಡಿಯೆಲ್ಲ ನಡುಗುವುದು. ಬಿಚ್ಚುವುದಕ್ಕೆ ಮೊದಲೇ ಎರಡು ಭಾಗಗಳಿಗೂ ಬಣ್ಣದ ಗೀಟು ಹಾಕಿಕೊಳ್ಳುವುದು ಉತ್ತಮ.

ಮುಂದಿನ ಅಚ್ಚಿನ ವಿಚಾರದಲ್ಲಿ ಹಬ್ಬುಗಳನ್ನು ಮೊದಲು ನೋಡಬೇಕು. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರವನ್ನು ಅಚ್ಚಿನಿಂದ ಬಿಡಿಸುವ ಫ್ರೀವೀಲ್ ಹಬ್ಬುಗಳಿರುವುವು. ಇಲ್ಲದ ಗಾಡಿಗಳಲ್ಲಿ ಎರಡು ಚಕ್ರದ ಎಳೆತದಲ್ಲಿದ್ದಾಗಲೂ ಮುಂದಿನ ಅಚ್ಚು, ಪಿನಿಯನ್, ಷಾಫ್ಟು ಎಲ್ಲವೂ ಸುಮ್ಮನೆ ತಿರುಗುತ್ತಿರುವುವು. ಹಬ್ಬು ಇದ್ದರೆ ಬಿಡಿಸಿ, ಇಲ್ಲದಿದ್ದರೆ ಮುಂದಿನ ಷಾಫ್ಟನ್ನು ಬಿಚ್ಚಿ, ಅದೇ ಹಾದಿಯಲ್ಲಿ ಅದೇ ವೇಗದಲ್ಲಿ ಮತ್ತೊಮ್ಮೆ ನಡೆಸಿ ನೋಡತಕ್ಕದ್ದು. ಶಬ್ದ ಹೋದರೆ ಕೇಡು ಮುಂದೆ, ಉಳಿದರೆ ಹಿಂದೆಯೂ ಇರಬಹುದು. ಈ ಒಂದು ಪರೀಕ್ಷೆಯು ಹತ್ತು ಊಹೆಗಳಿಗೆ ಸಮವಾದದ್ದು. ಹಬ್ಬುಗಳಲ್ಲಿ ಒಂದು ಕೂಡಿ ಇನ್ನೊಂದು ಕೂಡದೆ ಇದ್ದರೆ, ನಾಲ್ಕು ಚಕ್ರದ ಎಳೆತವನ್ನು ಹಾಕಿದಾಗ ಮುಂದಿನ ಚಕ್ರಗಳು ಎಳೆಯದೆ ಗುಂಡುಪೆಟ್ಟಿಗೆಯೊಳಗಿನ ಚಿಕ್ಕ ಗೇರುಗಳು ಮಾತ್ರ ಗಿರಗಿರನೆ ಸುತ್ತುವುವು. ಅರ್ಧ ಕೂಡಿದ ಹಬ್ಬು 'ಕಟಕಟ'ವೆಂದು ಹಲ್ಲು ಜಾರಿಸುವುದು. ನಾಲ್ಕು ಚಕ್ರದ ಎಳೆತದಲ್ಲಿ, ಮಣ್ಣಿನ ಹಾದಿಯಲ್ಲಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಲಟಲಟವೆಂಬ ಬಡಿತ ಬಂದರೆ ಚಕ್ರದ ಬಳಿಯ ತಿರುವುಕೀಲು ಸವೆದಿದೆಯೆಂದು ತಿಳಿಯಬಹುದು.

ಕ್ರೌನ್ ಮತ್ತು ಪಿನಿಯನ್ನುಗಳ ಕೂಗಿಗೆ ಒಂದು ಲಕ್ಷಣವುಂಟು. ಎಕ್ಸಿಲರೇಟರನ್ನು ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬರುವುದು. ಎಳೆಯುವಾಗ ಹಲ್ಲಿನ ಒಂದು ಮಗ್ಗುಲೂ ಬಿಟ್ಟಾಗ ಇನ್ನೊಂದು ಮಗ್ಗುಲೂ ಉಜ್ಜುವುದೇ ಇದಕ್ಕೆ ಕಾರಣ. ಚಕ್ರದ ಬೇರಿಂಗಿಗಾದರೋ ಎಕ್ಸಿಲರೇಟರಿನ ಸಂಬಂಧವಿಲ್ಲ. ಅದು ಭಾರಕ್ಕೆ ಕೂಗುವುದು. ಗಾಡಿಯನ್ನು ಮೆಲ್ಲಗೆ ಬಲಕ್ಕೆ ಬಾಗಿಸಿದರೆ ಭಾರವು ಎಡಚಕ್ರಗಳ ಮೇಲೆ ಬೀಳುವುದು. ಆಗ ಶಬ್ದ ಹೆಚ್ಚಿದರೆ ಎಡಗಡೆಯ ಬೇರಿಂಗನ್ನು ಶಂಕಿಸಬೇಕು. ಮುಂದಿನ ಚಕ್ರವನ್ನೆತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕಂಡ ಸಡಿಲವು, ಮತ್ತೊಬ್ಬನು ಕಾಲುಬ್ರೇಕನ್ನು ತುಳಿದಾಗ ಮಾಯವಾದರೆ ಬೇರಿಂಗಿನದು, ಉಳಿದರೆ ಕಿಂಗ್‌ಪಿನ್ನಿನದು.

ಇಷ್ಟಾದ ಮೇಲೆ ಎಣ್ಣೆಯನ್ನು ನೋಡತಕ್ಕದ್ದು. ಇದನ್ನೇ ಮೊದಲು ನೋಡಬೇಕೆಂದು ಹೇಳುವವರೂ ಉಂಟು, ಅವರ ಮಾತು ತಪ್ಪಲ್ಲ. ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಪೆಟ್ಟಿಗೆ, ಎರಡು ಗುಂಡುಪೆಟ್ಟಿಗೆಗಳು, ಇವುಗಳ ಪಕ್ಕದ ತಿರುಪುಬಿರಡೆಯನ್ನು ಬಿಚ್ಚಿದಾಗ ಎಣ್ಣೆಯು ರಂಧ್ರದ ಅಂಚಿನವರೆಗೆ ಇರಬೇಕು. ತಳದ ಬಿರಡೆಯಿಂದ ಸ್ವಲ್ಪ ಎಣ್ಣೆಯನ್ನು ಬಿಳಿಯ ತಟ್ಟೆಗೆ ಬಿಟ್ಟುಕೊಂಡು ಬಿಸಿಲಿನಲ್ಲಿ ನೋಡಬೇಕು. ನುಣುಪಾದ ಬೂದು ಬಣ್ಣದ ಮಡ್ಡಿಯು ಸಹಜವಾದ ಸವೆತ. ಬೆರಳಿಗೆ ತಾಗುವ ಉಕ್ಕಿನ ಚೂರು, ಹೊಪ್ಪಳಿಕೆ ಕಂಡರೆ ಹಲ್ಲೋ ಬೇರಿಂಗೋ ಒಡೆದಿರುವುದು. ಹಿತ್ತಾಳೆಯ ಮಿಂಚು ಕಂಡರೆ ಕಂಚಿನ ಬಿಲ್ಲೆಗಳು ಸವೆಯುತ್ತಿರುವುವು. ಮಜ್ಜಿಗೆಯಂತೆ ಬಿಳುಪಾಗಿದ್ದರೆ ನೀರು ಸೇರಿದೆ. ಹಳ್ಳ ಹಾದು ಬಂದ ಗಾಡಿಗಳಲ್ಲಿ ಇದು ಮೇಲಿಂದ ಮೇಲೆ ಕಾಣತಕ್ಕದ್ದು. ಎಣ್ಣೆಯನ್ನು ಪೂರ್ತಿ ಬದಲಿಸಿ, ಪೆಟ್ಟಿಗೆಯ ಮೇಲಣ ಉಸಿರುನಳಿಗೆಯಲ್ಲಿ ಕಟ್ಟಿದ ಮಣ್ಣನ್ನು ತೆಗೆಯಬೇಕು. ಬಿಸಿಯಾದ ಪೆಟ್ಟಿಗೆಯು ತಣ್ಣೀರಿನಲ್ಲಿ ತಟ್ಟನೆ ತಣಿದಾಗ ಉಸಿರುನಳಿಗೆ ಕಟ್ಟಿದ್ದರೆ ಸೀಲಿನ ಅಂಚಿನಿಂದಲೇ ನೀರನ್ನು ಒಳಗೆ ಹೀರುವುದು.

ಗ್ರೀಸು, ಎಣ್ಣೆ, ಬೋಲ್ಟುಗಳ ಬಿಗಿತ, ಹಬ್ಬು, ಕ್ರಾಸು ಇವಿಷ್ಟನ್ನು ಕೈಗುಣವುಳ್ಳ ರೈತನು ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಕ್ರೌನ್ ಪಿನಿಯನ್ನುಗಳ ನಡುವಣ ಸಂದು ತಗಡಿನ ಬಿಲ್ಲೆಗಳಿಂದ ಅತಿ ಸೂಕ್ಷ್ಮವಾಗಿ ಕೂಡಿಸತಕ್ಕದ್ದಾದ್ದರಿಂದ ಅದನ್ನು ಅಳತೆಯ ಉಪಕರಣವಿಲ್ಲದೆ ಮುಟ್ಟಲಾಗದು. ಲಿವರು ತಾನಾಗಿ ಹಿಂದಕ್ಕೆ ಜಿಗಿಯುವುದು ಒಳಗಣ ಕೂಡುಹಲ್ಲುಗಳ ಸವೆತವನ್ನು ತೋರಿಸುವುದಾದರೂ, ಮೊದಲು ಲಿವರಿನ ಕೊಂಡಿಗಳೂ ಅದನ್ನು ತಡೆಹಿಡಿಯುವ ಸ್ಪ್ರಿಂಗೂ ಸರಿಯಾಗಿವೆಯೆ ಎಂದು ನೋಡಿದ ಬಳಿಕವೇ ಒಳಗೆ ಹೋಗತಕ್ಕದ್ದು. ಗಾಡಿಯನ್ನು ಕಾರ್ಖಾನೆಗೆ ಒಪ್ಪಿಸುವಾಗ, ಯಾವ ಗೇರಿನಲ್ಲಿ, ಯಾವ ವೇಗದಲ್ಲಿ, ಎಳೆಯುವಾಗಲೋ ಬಿಟ್ಟಾಗಲೋ, ಎಡಕ್ಕೋ ಬಲಕ್ಕೋ ಶಬ್ದ ಬರುವುದೆಂಬುದನ್ನೂ ಮೇಲೆ ಹೇಳಿದ ಪರೀಕ್ಷೆಗಳ ಫಲವನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಬಲ್ಲ ಮೆಕ್ಯಾನಿಕ್ಕನು ಅದಕ್ಕೆ ಬೆಲೆಕೊಡುವನು.

ಕೆಲವು ಶಬ್ದಗಳಿಗೆ ಪರೀಕ್ಷೆಯನ್ನು ಕಾಯದೆ ಗಾಡಿಯನ್ನು ನಿಲ್ಲಿಸಿಬಿಡಬೇಕು. ಇದ್ದಕ್ಕಿದ್ದಂತೆ ಷಾಫ್ಟಿನ ನಡುಕ ಹೆಚ್ಚುವುದು, ಗುಂಡುಪೆಟ್ಟಿಗೆಯಲ್ಲಿ ಕಲ್ಲು ಅರೆದಂತಾಗುವುದು, ಚಕ್ರದ ಹಬ್ಬು ಮುಟ್ಟಲಾರದಷ್ಟು ಬಿಸಿಯಾಗುವುದು, ಇವು ಅಂಥವು. ಕಾಯಿಯ ಹೇರನ್ನು ಹೊತ್ತು ಕಡೂರಿನ ದಾರಿಯಲ್ಲಿರುವಾಗ ಮುಂದಿನ ಷಾಫ್ಟು ಕಳಚಿಬಿದ್ದು ಅದರ ತುದಿಯು ನೆಲಕ್ಕೆ ನಾಟಿದರೆ ಗಾಡಿಯು ಮಗುಚಿಕೊಳ್ಳುವ ಭಯವುಂಟು. ಹಿಂದಿನ ಷಾಫ್ಟಿನ ಕ್ರಾಸು ಮಾತ್ರ ಮುರಿದಿದ್ದರೆ, ಹೇರನ್ನು ಇಳಿಸಿ, ಆ ಷಾಫ್ಟನ್ನು ಪೂರ್ತಿ ಬಿಚ್ಚಿ, ನಾಲ್ಕು ಚಕ್ರದ ಎಳೆತಕ್ಕೆ ಲಿವರನ್ನು ಹಾಕಿ ಮುಂದಿನ ಚಕ್ರಗಳಿಂದಲೇ ಮೆಲ್ಲಗೆ ಮನೆಗೆ ಬರಬಹುದು. ಕೇಡು ಟ್ರಾನ್ಸ್‌ಫರ್ ಪೆಟ್ಟಿಗೆಯಲ್ಲಿದ್ದರೆ ಎರಡು ಷಾಫ್ಟುಗಳನ್ನೂ ಬಿಚ್ಚಿಟ್ಟು ಮತ್ತೊಂದು ಗಾಡಿಯಿಂದ ಎಳೆಯಿಸಿಕೊಂಡು ಬರತಕ್ಕದ್ದು. ಹಾಗೆ ಎಳೆಯಿಸುವಾಗ ಹಗ್ಗಕ್ಕಿಂತ ಗಟ್ಟಿಯಾದ ಕಬ್ಬಿಣದ ತೊಲೆಯು ಲೇಸು. ಷಾಫ್ಟು ಬಿಚ್ಚಿದ ಆ ಗಾಡಿಗೆ ಕೈಬ್ರೇಕು ಇಲ್ಲವೆಂಬುದನ್ನು ಅದರಲ್ಲಿ ಸ್ಟಿಯರಿಂಗು ಹಿಡಿದು ಕುಳಿತವನಿಗೆ ಹೊರಡುವ ಮುಂಚೆಯೇ ತಿಳಿಸಿ, ನಿಂತ ಕಡೆಯಲ್ಲೆಲ್ಲ ಚಕ್ರಕ್ಕೆ ಕೊಡುವುದಕ್ಕೆ ಎರಡು ಮರದ ಅಡೆಗಳನ್ನು ಅವನ ಪಕ್ಕದಲ್ಲಿಯೇ ಇಟ್ಟಿರಬೇಕು.